ಬಿಡುವು ಕೊಡದ ಆಟ

ನಾವು ಸಣ್ಣವರಿದ್ದಾಗ ತಾಂಬಾದಲ್ಲಿ ಕಬಡ್ಡಿ ಎಂಬ ಶಬ್ದ ಶಾಲೆಯ ಕಂಪೌಂಡಿನ ಒಳಗೆ ಮಾತ್ರ ಇತ್ತು. ಹೊರಗೆ ಬಂದರೆ ಅದು ಹುತುತು. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಎಲ್ಲ ಕಡೆಗೂ ಹಿರಿಯರ ಬಾಯಲ್ಲಿ ಅದೇ ಹೆಸರು. ಇದು ಮರಾಠಿ ನಾಡಿನಿಂದ ಬಂದ ಮಾತು ಎಂಬುದರಲ್ಲಿ ಆಶ್ಚರ್ಯವೇನಿಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ವಿಜಾಪುರ ಜಿಲ್ಲೆ ಮುಂಬಯಿಯ ಆಡಳಿತದಲ್ಲಿಯೇ ಇತ್ತು. ಶಾಲೆಯ ಇನ್ಸ್‌ಪೆಕ್ಟರು, ತಾಲೀಮಿನ ವಸ್ತಾದ, ನಾಟಕದ ಕಂಪನಿ ಇವೆಲ್ಲ ಬಂದ ದಾರಿಯಿಂದಲೇ ಆಟವೂ ಬಂದಿತು, ಅಥವಾ ಮೊದಲೇ ಇದ್ದ ಆಟಕ್ಕೆ ಆ ದಾರಿಯಿಂದ ಹೆಸರು ಬಂದಿತು. ಹಳೆ ಮೈಸೂರಿನವರು ಇದೇ ಆಟವನ್ನು ಚೆಡುಗುಡು ಎಂದಾಗ ನಮಗೆ ನಗು ಬರುತ್ತಿತ್ತು. ಅವರಿಗೆ ನಮ್ಮ ಹುತುತು ಕೇಳಿ ಇನ್ನೂ ಹೆಚ್ಚು ನಗು ಬಂದಿರಬೇಕು.

ಆಟಕ್ಕೆ ಲಿಖಿತ ನಿಯಮ ಬಂದದ್ದೂ ಆ ಕಡೆಯಿಂದಲೇ. 1923ರಲ್ಲಿ ಬಡೋದೆಯ ಹಿಂದ್ ವಿಜಯ ಜಿಮಖಾನಾ ನಿಯಮಗಳನ್ನು ಅಚ್ಚು ಹಾಕಿಸಿತು. ಅದಕ್ಕಿಂತ ಮೊದಲು ಊರಿಗೊಂದು ಆಟ. ಔಟಾದವನು ಮತ್ತೆ ಜೀವ ಪಡೆದು ಒಳಗೆ ಬರುವ ಸಂಜೀವನಿ, ಔಟಾದವನು ಪೂರ್ತಿ ತಂಡ ಔಟಾಗುವವರೆಗೆ ಹೊರಗೇ ಕೂಡುವ ಗಾಮಿನಿ, ಔಟಾದರೂ ಯಾರೂ ಹೊರಗೆ ಹೋಗದೆ ಬರೀ ಅಂಕ ಎಣಿಸುವ ಅಮರ್. ಇಂದು ದೇಶವೆಲ್ಲ ಆಡುವುದು ಸಂಜೀವನಿಯ ವಂಶದ್ದು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ನಡೆದಾಗ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಅಲ್ಲಿಗೆ ಹೋಗಿ ಇದನ್ನು ಆಡಿ ತೋರಿಸಿದರು. 1938ರಲ್ಲಿ ಕಲಕತ್ತೆಯಲ್ಲಿ ನಡೆದ ಭಾರತೀಯ ಒಲಿಂಪಿಕ್ ಕ್ರೀಡೆಗಳಲ್ಲಿ ಆಟಕ್ಕೆ ಸ್ಥಾನ ಸಿಕ್ಕಿತು. 1990ರ ಬೀಜಿಂಗ್ ಏಷ್ಯನ್ ಕ್ರೀಡೆಗಳಲ್ಲಿ ಭಾರತ ಬಂಗಾರ ಗೆದ್ದಿತು. ಈ ವಿವರಗಳನ್ನು ಇಷ್ಟಕ್ಕೇ ಬಿಡುತ್ತೇನೆ. ನಾನು ಹೇಳಹೊರಟದ್ದು ಆಟದೊಳಗಿನ ಬಿಡುವಿನ ಮಾತು.

ಹುತುತುವಿನಲ್ಲಿ ಗಡಿಯಾರ ಇರಲಿಲ್ಲ. ದಾಳಿಗಾರನ ಉಸಿರೇ ಗಡಿಯಾರ. ನಡುಗೆರೆ ದಾಟುವ ಮೊದಲು ಎದೆ ತುಂಬ ಉಸಿರು ಎಳೆದುಕೊಂಡು, ಹುತುತು ಹುತುತು ಎನ್ನುತ್ತ ಹೋಗಿ, ಅದೇ ಉಸಿರಿನಲ್ಲಿ ಮರಳಿ ಬರಬೇಕು. ಅವನು ಮರಳಿದ ಕೂಡಲೇ ಎದುರಿನವರ ಸರದಿ. ಮುಂದೆ ಅಚ್ಚಾದ ನಿಯಮದಲ್ಲಿ ಇದಕ್ಕೂ ಅಳತೆ ಬಂದಿತು. ಒಬ್ಬನ ದಾಳಿ ಮುಗಿದ 5 ಸೆಕೆಂಡಿನೊಳಗೆ ಎದುರು ತಂಡ ತನ್ನವನನ್ನು ಕಳಿಸಬೇಕು, ಕಳಿಸದಿದ್ದರೆ ಎದುರಾಳಿಗೆ ಒಂದು ಅಂಕ. ಕ್ರಿಕೆಟ್ಟಿನಲ್ಲಿ ಓವರು ಮುಗಿದ ಮೇಲೆ ಟೋಪಿ ಸರಿಮಾಡಿಕೊಳ್ಳುವಷ್ಟಾದರೂ ಪುರಸತ್ತು ಉಂಟು. ಇಲ್ಲಿ ಅಷ್ಟೂ ಇಲ್ಲ. ಬಿಡುವಿಲ್ಲದಿರುವುದೇ ಆಟದ ಹುಟ್ಟುಗುಣ ಎಂದು ನಾವು ತಿಳಿದಿದ್ದೆವು. ಅದನ್ನೊಂದು ಯುಕ್ತಿಯಾಗಿ, ಬೇಕೆಂದೇ ಬಳಸುವವರೂ ಇದ್ದಾರೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಅದೂ ಅಮೆರಿಕದವರ ಆಟವೊಂದರಿಂದ.

ನನ್ನ ತಂಗಿಯ ಮಗ ಒಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ ಇದ್ದಾನೆ. ಅವನ ಮನೆಯಲ್ಲಿ ಎರಡು ತಿಂಗಳು ಇದ್ದಾಗ ಹೊರಗೆ ಹಿಮ, ಒಳಗೆ ಟಿವಿ. ಫುಟ್‌ಬಾಲ್ ಎಂದು ಅವರು ಕರೆಯುವ ಆಟದಲ್ಲಿ ಕಾಲಿನ ಕೆಲಸ ಕಡಿಮೆ, ಹೆಗಲಿನ ಕೆಲಸ ಹೆಚ್ಚು. ಹನ್ನೊಂದು ಜನರ ವಿರುದ್ಧ ಹನ್ನೊಂದು ಜನ. ಚೆಂಡು ಹಿಡಿದ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಪ್ರತಿ ಅವಕಾಶವೂ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಆಮೇಲೆ ಎಲ್ಲರೂ ಎದ್ದು, ಗುಂಪುಗೂಡಿ, ತಲೆಗೆ ತಲೆ ಹಚ್ಚಿ ಪಿಸುಪಿಸು ಮಾತಾಡುತ್ತಾರೆ. ಹೀಗೆ ಕೂಡುವುದಕ್ಕೆ ಅವರಲ್ಲಿ ಹಡಲ್ ಎಂದು ಹೆಸರು. ಇಂದಿನ ನಿಯಮದಂತೆ ಒಂದು ಆಟಕ್ಕೂ ಮುಂದಿನದಕ್ಕೂ ನಡುವೆ 40 ಸೆಕೆಂಡು ಸಿಗುತ್ತದೆ. ನೋಡುವವರಿಗೆ ಅದು ಬೇಸರ. ಆಡುವವರಿಗೆ ಅದೇ ಜೀವ.

ಈ ಗುಂಪುಗೂಡುವಿಕೆಯ ಹುಟ್ಟು ಕೇಳಿ ನನಗೆ ನಮ್ಮೂರಿನ ನೆನಪಾಯಿತು. 1890ರ ದಶಕದಲ್ಲಿ ವಾಷಿಂಗ್ಟನ್ನಿನ ಗ್ಯಾಲಾಡೆಟ್ ಎಂಬ ಕಿವುಡರ ಕಾಲೇಜಿನ ಹುಡುಗರು ಕೈಸನ್ನೆಯಿಂದ ಮಾತಾಡಿಕೊಂಡು ಆಡುತ್ತಿದ್ದರು. ಎದುರಿನ ತಂಡದಲ್ಲಿಯೂ ಕಿವುಡರೇ ಇದ್ದರೆ ಆ ಸನ್ನೆಗಳೆಲ್ಲ ಬಯಲು. ಆಗ ಪಾಲ್ ಹಬರ್ಡ್ ಎಂಬ ಅವರ ಆಟಗಾರ ತನ್ನವರನ್ನು ಸುತ್ತ ನಿಲ್ಲಿಸಿಕೊಂಡು, ಬೆನ್ನುಗಳ ಗೋಡೆ ಕಟ್ಟಿ, ಒಳಗೆ ಸನ್ನೆ ಮಾಡಿದ ಎಂದು ಹೇಳುತ್ತಾರೆ. ನಮ್ಮಲ್ಲಿ ಹಿಡಿಯುವ ಏಳು ಜನ ಕೈಗೆ ಕೈ ಕೂಡಿಸಿ ಸರಪಳಿಯಾಗಿ ನಿಲ್ಲುವುದು ಬಲಕ್ಕಾಗಿ ಅಷ್ಟೇ ಅಲ್ಲ. ಬೆರಳು ಒಮ್ಮೆ ಒತ್ತಿದರೆ ತಡೆ, ಎರಡು ಸಲ ಒತ್ತಿದರೆ ಒಳಗೆ ಬಿಡು ಎಂದು ನಾವು ಗುರುತು ಮಾಡಿಕೊಂಡಿದ್ದೆವು. ದಾಳಿಗಾರನ ಕಣ್ಣೆದುರಿಗೇ ಮಾತು ನಡೆಯುತ್ತದೆ, ಆದರೆ ಅವನಿಗೆ ಏನೂ ಕೇಳಿಸುವುದಿಲ್ಲ.

ಇರಲಿ. ಸಿನ್ಸಿನಾಟಿಯ ಬೆಂಗಾಲ್ಸ್ ಎಂಬ ತಂಡ 1988ರ ಹಂಗಾಮಿನಲ್ಲಿ ಈ ಗುಂಪುಗೂಡುವುದನ್ನೇ ಬಿಟ್ಟುಬಿಟ್ಟಿತು. ತರಬೇತಿದಾರ ಸ್ಯಾಮ್ ವೈಶ್, ಚೆಂಡು ಎಸೆಯುವ ಮುಖಂಡ ಬೂಮರ್ ಎಸಾಯಸನ್. ಇದಕ್ಕೆ ನೋ-ಹಡಲ್ ಎಂದು ಹೆಸರು. ಹೊತ್ತು ಕಡಿಮೆ ಉಳಿದಾಗ ಅವಸರದಿಂದ ಆಡುವುದು ಅವರಲ್ಲಿ ಹಳೆಯ ಸಂಗತಿ. 1958ರ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಬಾಲ್ಟಿಮೋರಿನ ಜಾನಿ ಯುನೈಟಸ್ ಕೊನೆಯ ಗಳಿಗೆಯಲ್ಲಿ ಹಾಗೆಯೇ ಆಡಿಸಿ ಸೋಲನ್ನು ಸಮ ಮಾಡಿ, ಹೆಚ್ಚಿನ ಅವಧಿಯಲ್ಲಿ ಗೆದ್ದಿದ್ದ. ವೈಶ್ ಮಾಡಿದ ಹೊಸದೆಂದರೆ, ಹೊತ್ತು ಬೇಕಾದಷ್ಟು ಇದ್ದಾಗಲೂ ಹಾಗೆ ಆಡಿಸಿದ್ದು. ಇದರ ಗುಟ್ಟು ಓಟದಲ್ಲಿಲ್ಲ, ಬದಲಿ ಆಟಗಾರರಲ್ಲಿದೆ. ಅಲ್ಲಿ ತಂಡವೆಂದರೆ ಹನ್ನೊಂದು ಜನರಲ್ಲ, ಗೆರೆಯ ಹೊರಗೆ ಇನ್ನೊಂದು ದಂಡೇ ನಿಂತಿರುತ್ತದೆ. ಓಟ ತಡೆಯಲು ಒಂದು ಬಗೆಯ ದಾಂಡಿಗರು, ಎಸೆತ ತಡೆಯಲು ಇನ್ನೊಂದು ಬಗೆಯ ಚುರುಕಿನವರು. ಪ್ರತಿ ಬಿಡುವಿನಲ್ಲಿಯೂ ಅವರನ್ನು ಅದಲುಬದಲು ಮಾಡುತ್ತಾರೆ. ಬಿಡುವೇ ಸಿಗದಿದ್ದರೆ? ದಣಿದವನು ದಣಿದಲ್ಲಿಯೇ ನಿಲ್ಲಬೇಕು. ತಪ್ಪಿ ಒಬ್ಬನು ಒಳಗೆ ಓಡಿ ಬಂದು, ಹೋಗಬೇಕಾದವನು ಇನ್ನೂ ಹೋಗದೆ ಇದ್ದರೆ ಹನ್ನೆರಡು ಜನರಾಗಿ ದಂಡ ತೆರಬೇಕು.

ಎದುರಿನವರು ಕಂಡುಹಿಡಿದ ಮದ್ದು ಕೇಳಿದರೆ ನಮ್ಮ ಜಾತ್ರೆಯ ಪಂದ್ಯ ನೋಡಿದ ಯಾರಿಗಾದರೂ ಗುರುತು ಹತ್ತುತ್ತದೆ. ಆ ಹಂಗಾಮಿನ ಕೊನೆಗೆ ಸಿಯಾಟಲ್ ತಂಡದೊಡನೆ ಆಡಿದಾಗ ಆ ತಂಡದವರು ಏನೂ ಆಗದೆಯೇ ಗಾಯವಾದವರಂತೆ ನೆಲಕ್ಕೆ ಬಿದ್ದು ಆಟ ನಿಲ್ಲಿಸಿದರು ಎಂಬ ದೂರು ಎದ್ದಿತು. ಮುಂದಿನ ಎದುರಾಳಿ ಬಫಲೋ ಬಿಲ್ಸ್. ಈ ರೀತಿ ಆಡುವುದು ನ್ಯಾಯವಲ್ಲವೆಂದು ಅವರು ತಕರಾರು ತೆಗೆದರು. 1989ರ ಜನವರಿ 8ರ ಆ ಪಂದ್ಯಕ್ಕೆ ಸ್ವಲ್ಪ ಮೊದಲು ಲೀಗಿನವರು ವೈಶ್‌ಗೆ ಎಚ್ಚರಿಕೆ ಕೊಟ್ಟರು. ಆದರೂ ಸಿನ್ಸಿನಾಟಿ 21–10ರಿಂದ ಗೆದ್ದಿತು. ಇನ್ನೂ ಎರಡು ವರ್ಷ ಕಳೆದಿರಲಿಲ್ಲ, ತಕರಾರು ಮಾಡಿದ್ದ ಅದೇ ಬಫಲೋ ಅದೇ ಯುಕ್ತಿಯನ್ನು ತನ್ನದಾಗಿಸಿಕೊಂಡಿತು. ಜಿಮ್ ಕೆಲಿ ಎಂಬವನು ಮುಂದಾಳಾಗಿ 1991ರ ಜನವರಿ 20ರಂದು ಲಾಸ್ ಏಂಜಲಿಸಿನ ತಂಡವನ್ನು 51–3ರಿಂದ ಸದೆಬಡಿದರು. ನೀತಿ ಎಂಬುದು ಯಾರ ಅಂಗಳದಲ್ಲಿ ನಿಂತು ನೋಡುತ್ತೇವೆ ಎಂಬುದರ ಮೇಲೆ ನಿಂತಿದೆ. ಅಮೆರಿಕಕ್ಕೂ ತಾಂಬಾಕ್ಕೂ ಇದರಲ್ಲಿ ಭೇದವಿಲ್ಲ.

ಇಲ್ಲಿ ನಮ್ಮ ತಂಡದ ಮಾತು ಹೇಳಬೇಕು. 1978ರ ಸುಮಾರಿಗೆ ನಾವು ಏಳು ಜನ ಇದ್ದೆವು. ಏಳೇ ಜನ. ನಿಯಮದಲ್ಲಿ ಐದು ಜನ ಬದಲಿಗೆ ಅವಕಾಶ ಇತ್ತು, ಆದರೆ ಪಂದ್ಯದ ದಿನ ಹೊಲದ ಕೆಲಸ ಬಿಟ್ಟು ಬರುವ ಎಂಟನೆಯವನು ನಮಗೆ ಸಿಗುತ್ತಿರಲಿಲ್ಲ. ಹಿಂಗಾರಿ ಜೋಳ ತೆನೆಗೆ ಬಂದ ಹೊತ್ತಿನಲ್ಲಿ ಹಕ್ಕಿ ಕಾಯುವವನನ್ನು ಆಟಕ್ಕೆ ಕಳಿಸೆಂದು ಅವನ ಅಪ್ಪನಿಗೆ ಕೇಳುವ ಧೈರ್ಯ ಯಾರಿಗಿದೆ? ಈ ಏಳು ಜನರಲ್ಲಿ ನಾಲ್ವರು 1972ರ ಬರದಲ್ಲಿ ಇನ್ನೂ ಮೀಸೆ ಬರದ ಹುಡುಗರಾಗಿದ್ದಾಗ ಕಾಮಗಾರಿಯ ಮೇಲೆ ಕಲ್ಲು ಹೊತ್ತವರು. ಅವರ ಉಸಿರಿನ ಮೇಲೆ ನಮಗೆ ನಂಬಿಗೆ ಇತ್ತು. ಉಳಿದ ಯಾವುದರ ಮೇಲೂ ಇರಲಿಲ್ಲ.

ನಮ್ಮ ಕ್ಯಾಪ್ಟನ್ ಒಂದೇ ಮಾತು ಹೇಳುತ್ತಿದ್ದ: "ಕುಂತ್ರ ದಣಿವು ಬಂದು ಬಾಜೂಕ ಕುಂದ್ರತದ. ನಿಂದ್ರಬ್ಯಾಡ್ರಿ." ಅವನ ಆಟವೆಲ್ಲ ಈ ಮಾತಿನಲ್ಲಿಯೇ ಇತ್ತು. ಎದುರಿನ ದಾಳಿಗಾರ ನಡುಗೆರೆ ದಾಟಿ ಮರಳಿದನೋ ಇಲ್ಲವೋ, ಅವನ ಬೆನ್ನ ಹಿಂದೆಯೇ ನಮ್ಮವನು ನುಗ್ಗಬೇಕು. 5 ಸೆಕೆಂಡು ಇದೆ ಎಂದು ಅಷ್ಟನ್ನೂ ತಿನ್ನಬಾರದು. ಎದುರಿನವನನ್ನು ಹಿಡಿದು ಕೆಡವಿದರಂತೂ ಇನ್ನೂ ಚಲೋ. ಅವರು ಒಬ್ಬನನ್ನು ಕಳಕೊಂಡಿರುತ್ತಾರೆ. ಎಡ ಮೂಲೆಗೆ ಯಾರು ಹೋಗಬೇಕು, ನಡುವೆ ಯಾರು ನಿಲ್ಲಬೇಕು ಎಂದು ಅವರು ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ನಮ್ಮವನ ಕಾಲು ಅವರ ಬೋನಸ್ ಗೆರೆಯ ಹತ್ತಿರ. ಸರಪಳಿ ಕೂಡಿಲ್ಲ, ಬೆರಳು ಬೆರಳಿಗೆ ಸಿಕ್ಕಿಲ್ಲ. ಮಾತಾಡಿಕೊಳ್ಳಲು ನಮಗೂ ಹೊತ್ತಿರಲಿಲ್ಲ ಅನ್ನಿ. ಅದಕ್ಕೆ ಕ್ಯಾಪ್ಟನ್ ಒಕ್ಕಲುತನದ ಶಬ್ದಗಳನ್ನು ಇಟ್ಟುಕೊಂಡಿದ್ದ. "ಕೂರಿಗಿ" ಎಂದರೆ ಅಗಲಾಗಿ ನಿಲ್ಲುವುದು, "ರಾಶಿ" ಎಂದರೆ ಎಲ್ಲರೂ ಒಮ್ಮೆಲೇ ಮೈಮೇಲೆ ಬೀಳುವುದು. ಪಟ್ಟಣದಿಂದ ಬಂದವರಿಗೆ ಇದು ಹಳ್ಳಿಗರ ಒದರಾಟದಂತೆ ಕೇಳಿಸುತ್ತಿತ್ತು.

ನಮ್ಮ ಆಟಕ್ಕೂ ಅಮೆರಿಕದವರ ಆಟಕ್ಕೂ ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಅದನ್ನು ಮರೆತರೆ ಹೋಲಿಕೆ ಸುಳ್ಳಾಗುತ್ತದೆ. ಅಲ್ಲಿ ಚೆಂಡು ಹಿಡಿದವರು ಅದನ್ನು ಕಳಕೊಳ್ಳುವವರೆಗೆ ಅವರೇ ಆಡುತ್ತಾರೆ. ಬೇಗ ಆಡಿದಷ್ಟೂ ಎದುರಿನವರ ಮೇಲೆ ಏಟಿನ ಮೇಲೆ ಏಟು. ನಮ್ಮಲ್ಲಿ ದಾಳಿ ಒಮ್ಮೆ ಇವರದು, ಒಮ್ಮೆ ಅವರದು. ನಾವು ಅವಸರ ಮಾಡಿದರೆ ಅವರಿಗೂ ಅಷ್ಟೇ ಬೇಗ ಸರದಿ ಬರುತ್ತದೆ. ಅಂದರೆ ಅವಸರದಿಂದ ನಮಗೆ ಒಂದು ದಾಳಿಯೂ ಹೆಚ್ಚಿಗೆ ಸಿಗುವುದಿಲ್ಲ. ಸಿಗುವುದು ಎರಡೇ: ಎದುರಿನವರ ಸರಪಳಿ ಕೂಡುವ ಮೊದಲಿನ ಆ ಒಂದು ಗಳಿಗೆ, ಮತ್ತು ಅವರ ಬದಲಿ ಆಟಗಾರರು ಹೊರಗೇ ಕೂತಿರುವುದು. ಬದಲಿಯವನು ಒಳಗೆ ಬರಬೇಕಾದರೆ ಆಟ ನಿಲ್ಲಬೇಕು. ಆಟ ನಿಲ್ಲದಿದ್ದರೆ ಅವರ ಹನ್ನೆರಡು ಜನರೂ ಏಳೇ ಜನ. ನಮ್ಮ ಏಳೂ ಏಳೇ. ಕ್ಯಾಪ್ಟನ್‌ಗೆ ಈ ಲೆಕ್ಕ ಪುಸ್ತಕದಿಂದ ಬಂದದ್ದಲ್ಲ, ಬೆಂಚಿನ ಮೇಲೆ ಕೂಡುವವರು ಇಲ್ಲದ್ದರಿಂದ ಬಂದದ್ದು.

ಒಂದು ಪಂದ್ಯ ಇನ್ನೂ ಕಣ್ಣಿಗೆ ಕಟ್ಟಿದೆ. ಎದುರಿಗೆ ಒಂದು ಪಟ್ಟಣದ ತಂಡ, ಹೆಸರು ಬೇಡ. ಒಂದೇ ಬಣ್ಣದ ಬನಿಯನ್ನು, ಮಂಡಿಗೆ ಪಟ್ಟಿ, ಹೊರಗೆ ಐದು ಜನ ಕಾಲು ಚಾಚಿ ಕೂತಿದ್ದರು. ಮೊದಲ 20 ನಿಮಿಷದಲ್ಲಿ ನಾವು ಅವರಿಗೆ ಉಸಿರು ಬಿಡಲು ಬಿಡಲಿಲ್ಲ. ಒಂದು ಲೋಣಾ ಹಾಕಿದೆವು. ಜನ ಕಟ್ಟೆಯ ಮೇಲೆ ನಿಂತು ಕುಣಿದರು. ಎರಡನೆಯ ಅರ್ಧ ಸುರುವಾದ ಮೇಲೆ ಅವರಲ್ಲಿ ಒಬ್ಬನಿಗೆ ಹಿಮ್ಮಡಿ ನೋವು ಬಂದಿತು. ನಿರ್ಣಾಯಕರು ಸೀಟಿ ಊದಿದರು. ಅವನು ಹೊರಗೆ, ಹೊಸಬ ಒಳಗೆ. ಎರಡು ದಾಳಿ ಆಗುವುದರೊಳಗೆ ಇನ್ನೊಬ್ಬನಿಗೆ ತೊಡೆ ಹಿಡಿಯಿತು. ಮತ್ತೆ ಸೀಟಿ. ಮೂರನೆಯವನಿಗೆ ಕಣ್ಣಲ್ಲಿ ಧೂಳು ಬಿತ್ತು. ಯರಿ ಮಣ್ಣಿನ ಅಂಗಳದಲ್ಲಿ ಅದೊಂದು ನಿಜವೇ ಇದ್ದೀತು. ಪ್ರತಿ ಸೀಟಿಗೂ ಒಂದೆರಡು ನಿಮಿಷ. ಆ ಬಿಡುವಿನಲ್ಲಿ ನಾವು ಏನು ಮಾಡಿದೆವು? ನಿಂತೆವು. ನಿಂತಾಗ ದಣಿವು ಬಂದು ಬಾಜೂಕ ನಿಂತಿತು, ಕ್ಯಾಪ್ಟನ್ ಹೇಳಿದಂತೆಯೇ. ಬಿಸಿ ಆರಿದ ಮೈಯಲ್ಲಿ ಎಲ್ಲೆಲ್ಲಿ ನೋಯುತ್ತಿದೆ ಎಂಬುದು ಒಂದೊಂದಾಗಿ ತಿಳಿಯತೊಡಗಿತು. ಮೂರು ಅಂಕದಿಂದ ಸೋತೆವು. ನಮ್ಮ ಮುಖ್ಯ ದಾಳಿಗಾರ ಮರುವರ್ಷ ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋದ. ಏಳು ಆರಾದ ಮೇಲೆ ತಂಡ ಎಂಬುದು ಉಳಿಯಲಿಲ್ಲ.

ಬಫಲೋದವರ ಕತೆಯೂ ಬೇರೆ ಅಲ್ಲ ಎಂದು ನನಗೆ ಅನಿಸಿದ್ದು ಇದಕ್ಕೇ. 51 ಅಂಕ ಹೊಡೆದ ಒಂದು ವಾರಕ್ಕೆ, 1991ರ ಜನವರಿ 27ರಂದು, ಸೂಪರ್ ಬೌಲ್ ಎಂಬ ಅವರ ಮಹಾಪಂದ್ಯದಲ್ಲಿ ನ್ಯೂಯಾರ್ಕ್ ಜಯಂಟ್ಸ್ ಎದುರಾದರು. ಅವರು ಬೀಳುವ ನಾಟಕವನ್ನೇ ನಂಬಿ ಕೂಡಲಿಲ್ಲ. ಅದಕ್ಕಿಂತ ದೊಡ್ಡ ಮದ್ದು ಹುಡುಕಿದರು: ಚೆಂಡನ್ನು ಬಿಟ್ಟುಕೊಡಲೇ ಇಲ್ಲ. ನಿಧಾನ, ನಿಧಾನ, ಒಂದೊಂದೇ ಗಜ. 60 ನಿಮಿಷದ ಆಟದಲ್ಲಿ 40 ನಿಮಿಷಕ್ಕೂ ಮೇಲೆ ಚೆಂಡು ಅವರ ಕೈಯಲ್ಲಿಯೇ ಇತ್ತು. ಚುರುಕಿನ ತಂಡ ಹೊರಗೆ ಕೂತು ನೋಡಿತು, ಅದರ ತಡೆಯುವ ಪಂಗಡ ಒಳಗೆ ನಿಂತು ಬೆವರಿತು. 20–19, ಒಂದೇ ಅಂಕದ ಸೋಲು. ಮುಂದಿನ ಮೂರು ವರ್ಷವೂ ಬಫಲೋ ಮಹಾಪಂದ್ಯದವರೆಗೆ ಹೋಗಿ ಮೂರೂ ಸಲ ಸೋತಿತು.

ಜಯಂಟ್ಸ್ ಮಾಡಿದ ಈ ಕಾಲಹರಣ ಕಬಡ್ಡಿಗೂ ಹೊಸದಲ್ಲ. ಉಸಿರೇ ಗಡಿಯಾರವಾಗಿದ್ದಾಗ ಅದಕ್ಕೊಂದು ಮಿತಿ ತಾನಾಗಿ ಇತ್ತು. ಆದರೂ ಮುಂದಿದ್ದ ತಂಡ ತನ್ನ ದಾಳಿಗಾರನನ್ನು ಬಾಕ್ ಲೈನು ಮುಟ್ಟಿಸಿ, ಅಲ್ಲೇ ಎಡಕ್ಕೆ ಬಲಕ್ಕೆ ತೂಗಿಸಿ, ಬರಿಗೈಯಲ್ಲಿ ಕರೆಸಿಕೊಳ್ಳುತ್ತಿತ್ತು. ಆ ಗೆರೆ ನಡುಗೆರೆಯಿಂದ 3.75 ಮೀಟರು. ಅಷ್ಟು ದಾಟಿದರೆ ದಾಳಿ ನ್ಯಾಯವಾದದ್ದು, ಯಾರನ್ನೂ ಮುಟ್ಟಬೇಕೆಂದೇನಿಲ್ಲ. ಹೀಗೆ ಹತ್ತು ನಿಮಿಷ ತಿಂದುಹಾಕಿದ ತಂಡಗಳನ್ನು ನಾನು ಕಂಡಿದ್ದೇನೆ. ನೋಡುವ ಜನ ಎದ್ದು ಜಾತ್ರೆಯ ಬೆಂಡು ಬತ್ತಾಸಿನ ಕಡೆಗೆ ಹೋಗುತ್ತಿದ್ದರು.

2014ರ ಜುಲೈ 26ರಂದು ಮುಂಬಯಿಯಲ್ಲಿ ಪ್ರೊ ಕಬಡ್ಡಿ ಲೀಗ್ ಸುರುವಾದಾಗ ನಮ್ಮ ಹಿರಿಯರು ಮೂಗು ಮುರಿದರು. ಮಣ್ಣಿಲ್ಲ, ಮ್ಯಾಟು, ಸೂರ್ಯನಿಲ್ಲ, ಬಣ್ಣದ ದೀಪ. ನನಗೆ ಮಾತ್ರ ಅದರ ಗಡಿಯಾರ ಹಿಡಿಸಿತು. ಒಂದು ದಾಳಿಗೆ 30 ಸೆಕೆಂಡು, ಮುಗಿಯಿತು. ಎರಡು ದಾಳಿ ಬರಿಗೈಯಲ್ಲಿ ಬಂದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ತಾರದಿದ್ದರೆ ದಾಳಿಗಾರನೇ ಔಟು. ಇದಕ್ಕೆ ಮಾಡು ಇಲ್ಲವೆ ಮಡಿ ಎಂದು ಹೆಸರು. ಕಾಲಹರಣದ ಬೇರಿಗೆ ಇದು ಕೊಡಲಿ ಎಂದುಕೊಂಡೆ. ಆದರೆ ಆಡುವವರು ನಮಗಿಂತ ಜಾಣರು. ಎರಡು ದಾಳಿಯನ್ನು ಈಗ ಲೆಕ್ಕ ಇಟ್ಟೇ ವ್ಯರ್ಥ ಮಾಡುತ್ತಾರೆ, ಪ್ರತಿಯೊಂದರಲ್ಲಿಯೂ 30 ಸೆಕೆಂಡಿನ ಕೊನೆಯ ತುಣುಕಿನವರೆಗೆ. ಎಲ್ಲ ದಾಳಿಯೂ ಪೂರ್ತಿ ಹೊತ್ತು ನಡೆದರೆ 40 ನಿಮಿಷದಲ್ಲಿ 80 ದಾಳಿ, ಒಂದೊಂದು ತಂಡಕ್ಕೆ 40. ಅದರಲ್ಲಿ ಎಷ್ಟು ನಿಜವಾದ ದಾಳಿ ಎಂದು ಎಣಿಸುತ್ತ ಕೂಡುವುದು ಟಿವಿಯ ಮುಂದೆ ನನ್ನದೊಂದು ಚಟ.

ಚುರುಕಿನ ಆಟ ಸತ್ತಿದೆ ಎಂದಲ್ಲ. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ಮೊದಲರ್ಧದಲ್ಲಿ ಹಿಂದೆ ಬಿದ್ದಿತ್ತು. ಆಮೇಲೆ ಪವನ್ ಸೆಹ್ರಾವತ್ ಎಂಬ ಹುಡುಗ ಗುಜರಾತಿನವರಿಗೆ ಸರಪಳಿ ಕೂಡಿಸಲು ಬಿಡಲಿಲ್ಲ. ಅವನೊಬ್ಬನೇ 22 ಅಂಕ ತಂದ. 38–33ರಿಂದ ಪ್ರಶಸ್ತಿ ಬಂದಿತು. ಆ ತಂಡವನ್ನು ಪಳಗಿಸಿದವರು ನಮ್ಮ ಕರ್ನಾಟಕದ ಬಿ. ಸಿ. ರಮೇಶ್, 2001ರ ಅರ್ಜುನ ಪ್ರಶಸ್ತಿಯವರು. ಆದರೆ ಅಲ್ಲಿ ಎರಡೂ ಕಡೆ ಬೆಂಚು ತುಂಬಿರುತ್ತದೆ. ಇಬ್ಬರಿಗೂ ಬೆಂಚು ಇದ್ದಾಗ ಚುರುಕು ಒಂದು ಸೊಗಸು, ಹೆಚ್ಚೆಂದರೆ ಒಂದು ತಂತ್ರ. ಒಬ್ಬರಿಗೆ ಮಾತ್ರ ಇದ್ದಾಗಿನ ಸಂಗತಿಯೇ ಬೇರೆ.

ನಾಲ್ಕು ವರ್ಷದ ಹಿಂದೆ ನಮ್ಮೂರಿನ ಪಂದ್ಯಗಳಿಗೆ ಒಂದು ಹೊಸ ನಿಯಮ ಹಾಕಿಕೊಂಡೆವು. ಗಾಯವೆಂದು ಆಟ ನಿಲ್ಲಿಸಿದವನು ಹೊರಗೆ ಹೋಗಬೇಕು. ಮುಂದಿನ ಹತ್ತು ದಾಳಿ ಮುಗಿಯುವವರೆಗೆ ಅವನೂ ಬರುವಂತಿಲ್ಲ, ಅವನ ಬದಲಿಯೂ ಬರುವಂತಿಲ್ಲ. ಅಮೆರಿಕದ ಕಾಲೇಜುಗಳ ಆಟದಲ್ಲಿಯೂ 2025ರಲ್ಲಿ ಇಂಥದೇ ಒಂದು ಕಟ್ಟಳೆ ಬಂದಿದೆ: ಮುಂದಿನ ಆಟಕ್ಕೆ ಚೆಂಡು ಇಟ್ಟ ಮೇಲೆ ಗಾಯವೆಂದು ಬಿದ್ದರೆ ಆ ತಂಡದ ಒಂದು ವಿರಾಮ ಕಡಿತ. ನಮ್ಮ ನಿಯಮ ಬೇಕೆಂದವರಲ್ಲಿ ನಾನೂ ಒಬ್ಬ, ಈಗಲೂ ಬೇಕೆನ್ನುವವನೇ. ಮೊದಲ ವರ್ಷ ಹಿಮ್ಮಡಿ ನೋವು, ತೊಡೆ ಹಿಡಿಯುವುದು ಎಲ್ಲ ಮಾಯವಾಯಿತು. ಡಾಕ್ಟರೂ ಮಾಡದ ಕೆಲಸ ಎಂದು ಜನ ನಕ್ಕರು.

ಕಳೆದ ವರ್ಷ ಪಕ್ಕದ ಸಣ್ಣ ಹಳ್ಳಿಯೊಂದರಿಂದ ಏಳೇ ಹುಡುಗರ ತಂಡ ಬಂದಿತ್ತು. ಬೆಂಚಿನ ಮೇಲೆ ಅವರ ಚಪ್ಪಲಿಗಳು ಮಾತ್ರ. ಮೊದಲರ್ಧ ಅವರು ಆಡಿದ ಆಟ ನೋಡಿ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಅದೇ ಬೆನ್ನಿಗೇ ನುಗ್ಗುವ ಆಟ. ಎರಡನೆಯ ಅರ್ಧದಲ್ಲಿ ಅವರ ಮೂಲೆಯ ಹುಡುಗನ ಮೊಣಕಾಲು ನಿಜವಾಗಿಯೇ ತಿರುಚಿತು. ಊದಿಕೊಂಡದ್ದು ಎಲ್ಲರಿಗೂ ಕಾಣುತ್ತಿತ್ತು. ನಿಯಮದಂತೆ ಅವನು ಹೊರಗೆ ಬಂದ. ಬದಲಿಯವನು ಹೇಗೂ ಇರಲಿಲ್ಲ. ಸೀಟಿ ಊದಿದ್ದು ಅವರಿಗಾಗಿ, ಆ ನಾಲ್ಕು ನಿಮಿಷದಲ್ಲಿ ನೀರು ಕುಡಿದು ಮೈ ಸಡಿಲಿಸಿಕೊಂಡವರು ಎದುರಿನವರು. ಹತ್ತು ದಾಳಿ ಅವರು ಆರು ಜನ ಆಡಿದರು. ಹತ್ತು ಮುಗಿದ ಮೇಲೆ ಆ ಹುಡುಗ ಕುಂಟುತ್ತ ಎದ್ದು ಗೆರೆಯ ಹತ್ತಿರ ಬಂದು, ನಾನು ಹೋಗಲೇನ್ರಿ ಎಂದು ನಿರ್ಣಾಯಕರನ್ನು ಕೇಳಿದ. ಅವರು ನನ್ನ ಕಡೆ ನೋಡಿದರು. ನಾನು ಬೇಡವೆಂದು ಕೈಸನ್ನೆ ಮಾಡಿದೆ. ಹುಡುಗನ ಅಣ್ಣ ಅದೇ ತಂಡದಲ್ಲಿದ್ದ, ಅವನು ಒಳಗಿನಿಂದ ಒದರಿದ: "ಬರಲಿ ಬಿಡ್ರಿ, ನಿಂದ್ರಾಕರ ಆಗತಾನ."

ಈ ವರ್ಷದ ಪಂದ್ಯಕ್ಕೆ ಆ ನಿಯಮ ಇಡಬೇಕೋ, ಏಳೇ ಜನ ಬಂದ ತಂಡಕ್ಕೆ ಬೇರೆ ಏನಾದರೂ ಮಾಡಬೇಕೋ ಎಂದು ಕಮಿಟಿಯಲ್ಲಿ ಎರಡು ಸಲ ಚರ್ಚೆ ಆಗಿದೆ. ಊರಿನ ತಂಡದಿಂದ ಒಬ್ಬನನ್ನು ಅವರಿಗೆ ಎರವಲು ಕೊಡೋಣ ಎಂದು ಒಬ್ಬರು ಹೇಳಿದರು. ಅವನು ಯಾರ ಕಡೆ ಆಡಿಯಾನು ಎಂದು ಇನ್ನೊಬ್ಬರು ಕೇಳಿದರು. ಮೂರನೆಯ ಸಭೆ ಬರುವ ಸೋಮವಾರ.